ಹಲಗೆಯ ದಪ್ಪ ತಪ್ಪುವುದೇಕೆ: ಮರದ ಮಿಲ್ಲಿನ ಟ್ರಾಲಿಯಲ್ಲಿ ದೋಷ ಹುಡುಕುವ ಕ್ರಮ

ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಮುಳಬಾಗಿಲು ಸುತ್ತಿನ ಮರದ ಮಿಲ್ಲುಗಳಲ್ಲಿ ನನ್ನನ್ನು ಕರೆಸುವ ಯಜಮಾನರು ಹೇಳುವ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ‘ಹಲಗೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಬರುತ್ತಿದೆ, ಬ್ಲೇಡು ಬದಲಿಸಿ ನೋಡಿದ್ದಾಯಿತು.’ ಬ್ಲೇಡು ಬದಲಿಸುವುದು ಸುಲಭವಾದದ್ದರಿಂದ ಅನುಮಾನ ಮೊದಲು ಅದರ ಮೇಲೆಯೇ ಬೀಳುತ್ತದೆ. ಆದರೆ ದಿಮ್ಮಿಯನ್ನು ಹಿಡಿದುಕೊಂಡು, ಅಳತೆಗೆ ಸರಿಯಾಗಿ ಮುಂದಕ್ಕೆ ಸರಿಸಿ, ಬ್ಲೇಡಿನ ಬಾಯಿಗೆ ಒಯ್ಯುವ ಟ್ರಾಲಿಯಲ್ಲಿ ದೋಷವಿದ್ದರೆ ಎಷ್ಟು ಹೊಸ ಬ್ಲೇಡು ಹಾಕಿದರೂ ಹಲಗೆ ಸರಿಹೋಗುವುದಿಲ್ಲ. ಈ ಬರಹ 36 ಅಥವಾ 42 ಇಂಚು ಚಕ್ರದ ಬ್ಯಾಂಡ್ ಸಾ (ಎರಡು ಚಕ್ರಗಳ ಮೇಲೆ ಸುತ್ತುವ ಪಟ್ಟಿ ಗರಗಸ) ಮತ್ತು ಹಳಿಯ ಮೇಲೆ ಓಡುವ ಟ್ರಾಲಿ ಇರುವ ಮಿಲ್ಲುಗಳಿಗೆ ಸಂಬಂಧಿಸಿದ್ದು. ಟ್ರಾಲಿಯನ್ನು ಕೈಯಿಂದ ನೂಕುವ ಮಿಲ್ಲಾದರೂ, ಮೋಟಾರಿನಿಂದ ಎಳೆಯುವ ಮಿಲ್ಲಾದರೂ ಇದರ ಮೊದಲ ಮುಕ್ಕಾಲು ಭಾಗ ಎರಡಕ್ಕೂ ಅನ್ವಯಿಸುತ್ತದೆ.

ಹುಡುಕಾಟವನ್ನು ಸ್ಪ್ಯಾನರಿನಿಂದ ಆರಂಭಿಸಬಾರದು, ಕೊಯ್ದ ಹಲಗೆಯಿಂದ ಆರಂಭಿಸಬೇಕು. ಯಾವ ಭಾಗ ಎಷ್ಟು ತಪ್ಪಿದೆ ಎಂಬುದು ಹಲಗೆಯಲ್ಲೇ ದಾಖಲಾಗಿರುತ್ತದೆ. ಒಮ್ಮೆ ಬೋಲ್ಟು ಸಡಿಲಿಸಿ ಏನನ್ನಾದರೂ ಸರಿಸಿದರೆ ಆ ದಾಖಲೆಗೂ ಯಂತ್ರದ ಈಗಿನ ಸ್ಥಿತಿಗೂ ಸಂಬಂಧ ತಪ್ಪಿಹೋಗುತ್ತದೆ.

ಹಲಗೆ ಓದುವ ಮೊದಲು

ಟ್ರಾಲಿಯ ಹತ್ತಿರ ಕೈ ಹಾಕುವ ಪ್ರತಿ ಸಲವೂ ಮೇನ್ ಸ್ವಿಚ್ ಇಳಿಸಿ, ಫ್ಯೂಸುಗಳನ್ನು ಕಿತ್ತು, ಕೆಲಸ ಮಾಡುವವನೇ ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಬ್ಯಾಂಡ್ ಸಾ ಚಕ್ರಗಳು ಭಾರವಾದವು, ಮೋಟಾರು ನಿಂತ ಮೇಲೂ ಅವು ಬಹಳ ಹೊತ್ತು ಸದ್ದಿಲ್ಲದೆ ತಿರುಗುತ್ತಿರುತ್ತವೆ. ಆದುದರಿಂದ ಕಿವಿಯನ್ನು ನಂಬದೆ ಕಣ್ಣಿನಿಂದ ನೋಡಿ ಖಾತ್ರಿಪಡಿಸಿಕೊಳ್ಳಬೇಕು. ಟ್ರಾಲಿಯ ಚಕ್ರಗಳಿಗೆ ಎರಡೂ ಕಡೆ ಮರದ ಆಪು ಕೊಡಬೇಕು. ಹೈಡ್ರಾಲಿಕ್ ಇದ್ದರೆ ಪಂಪು ನಿಲ್ಲಿಸಿದ ಮೇಲೆ ಲಿವರುಗಳನ್ನು ಎರಡೂ ಕಡೆಗೆ ಆಡಿಸಿ ಒತ್ತಡ ಬಿಡಬೇಕು.

ಇನ್ನು ಅಳತೆಯ ಮಾತು. ನಮ್ಮ ಮಿಲ್ಲುಗಳಲ್ಲಿ ಲೆಕ್ಕವೆಲ್ಲ ಇಂಚು ಮತ್ತು ನೂಲಿನಲ್ಲಿ ನಡೆಯುತ್ತದೆ. ಒಂದು ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು 3.2 ಮಿ.ಮೀ. ವ್ಯಾಪಾರಕ್ಕೆ ಅದು ಸಾಕು, ದೋಷ ಹುಡುಕಲು ಸಾಲದು, ಏಕೆಂದರೆ ಟ್ರಾಲಿಯ ದೋಷಗಳು ಅರ್ಧ ಮಿ.ಮೀ.ನಲ್ಲಿ ಹುಟ್ಟಿ ಒಂದು ನೂಲಾದಾಗ ಮಾತ್ರ ಗಿರಾಕಿಯ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಮಿ.ಮೀ.ನ ಭಾಗಗಳನ್ನೂ ತೋರಿಸುವ ವರ್ನಿಯರ್ ಬೇಕೇ ಬೇಕು.

ಗಂಟಿಲ್ಲದ, ಸಾಧ್ಯವಾದಷ್ಟು ನೇರವಾದ ಒಂದು ದಿಮ್ಮಿಯನ್ನು ಆರಿಸಿ, ಮೇಲಿನ ಚೆಕ್ಕೆ ತೆಗೆದ ನಂತರ ಅದೇ ಮುಖದಿಂದ ಸಾಲಾಗಿ ಆರೇಳು ಹಲಗೆ ಕೊಯ್ಯಬೇಕು. ಆಮೇಲೆ ಅದನ್ನು ತಿರುಗಿಸಿ ಇನ್ನೊಂದು ಮುಖದಿಂದ ಮೂರು ನಾಲ್ಕು ಹಲಗೆ ತೆಗೆಯಬೇಕು. ಒಂದೊಂದು ಹಲಗೆ ಬಿದ್ದ ತಕ್ಷಣ ಸೀಮೆಸುಣ್ಣದಿಂದ ಅದರ ಕ್ರಮಸಂಖ್ಯೆ, ಬ್ಲೇಡಿಗೆ ಮೊದಲು ತಾಗಿದ ತುದಿ ಯಾವುದು, ಮೇಲಿದ್ದ ಅಂಚು ಯಾವುದು ಎಂಬ ಮೂರನ್ನೂ ಬರೆಯಬೇಕು. ಹಲಗೆಗಳು ರಾಶಿಯಲ್ಲಿ ಬೆರೆತುಹೋದರೆ ಅಳತೆಯಿಂದ ಏನೂ ಪ್ರಯೋಜನವಿಲ್ಲ. ಪ್ರತಿ ಹಲಗೆಯನ್ನು ಆರು ಕಡೆ ಅಳೆಯಬೇಕು: ಮೇಲಂಚಿನಲ್ಲಿ ಮುಂತುದಿ, ನಡು, ಹಿಂತುದಿ, ಹಾಗೆಯೇ ಕೆಳಂಚಿನಲ್ಲಿ ಮೂರು.

ಬದಲಾಗುವ ತಪ್ಪು, ಬದಲಾಗದ ತಪ್ಪು

ಇಲ್ಲಿ ಬಹಳ ಅನುಭವಿ ಮೇಸ್ತ್ರಿಗಳೂ ಎಡವುವ ಒಂದು ಸಂಗತಿಯಿದೆ. ಹಲಗೆಗೆ ಎರಡು ಮುಖಗಳಿವೆ, ಎರಡನ್ನೂ ಬ್ಲೇಡು ಬೇರೆ ಬೇರೆ ಸಲ ಕೊಯ್ದಿರುತ್ತದೆ. ಹಿಂದಿನ ಕೊಯ್ತದಲ್ಲಿ ಆದ ತಪ್ಪೇ ಈ ಕೊಯ್ತದಲ್ಲೂ ಅದೇ ಜಾಗದಲ್ಲಿ ಅಷ್ಟೇ ಪ್ರಮಾಣದಲ್ಲಿ ಆದರೆ ಎರಡು ಮುಖಗಳೂ ಒಂದೇ ರೀತಿ ಬಾಗಿ, ದಪ್ಪ ಮಾತ್ರ ಎಲ್ಲ ಕಡೆಯೂ ಸಮವಾಗಿಯೇ ಇರುತ್ತದೆ. ಎರಡು ಕೊಯ್ತಗಳ ನಡುವೆ ಬದಲಾದ ತಪ್ಪು ಮಾತ್ರ ದಪ್ಪದಲ್ಲಿ ಕಾಣಿಸುತ್ತದೆ. ಹೀಗಾಗಿ ಹಳಿ ಸೊಟ್ಟಗಿದ್ದರೆ ಹಲಗೆ ದಪ್ಪ-ತೆಳು ಬರುತ್ತದೆ ಎಂಬ ಸಾಮಾನ್ಯ ನಂಬಿಕೆ ಅರ್ಧ ಮಾತ್ರ ನಿಜ. ಸೊಟ್ಟ ಹಳಿ ಪ್ರತಿ ಸಲವೂ ಅದೇ ಜಾಗದಲ್ಲಿ ಅಷ್ಟೇ ಸೊಟ್ಟಗಿರುತ್ತದೆ. ಅದರ ಮೇಲೆ ಕೊಯ್ದ ಹಲಗೆಗಳ ದಪ್ಪ ಸರಿಯಿದ್ದು, ನೇರ ಮಾತ್ರ ಇರುವುದಿಲ್ಲ. ಅಂಥ ಎರಡು ಹಲಗೆಗಳನ್ನು ಕೊಯ್ದ ಕ್ರಮದಲ್ಲೇ ಒಂದರ ಮೇಲೊಂದು ಇಟ್ಟರೆ ಬಾಗು ಬಾಗಿಗೆ ಕೂಡಿ ನಡುವೆ ಸಂದಿಲ್ಲದೆ ಕೂರುತ್ತವೆ. ದಿಮ್ಮಿಯನ್ನು ತಿರುಗಿಸಿದ ಮೇಲೆ ಆ ಬಾಗು ಎದುರುಬದುರಾಗುವುದರಿಂದ, ತಪ್ಪು ಆಗ ಮೊದಲ ಬಾರಿಗೆ ದಪ್ಪದಲ್ಲಿ ಬಯಲಾಗುತ್ತದೆ.

ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನದ್ದೆಲ್ಲ ಸಲೀಸು. ದಿಮ್ಮಿ ಬೆನ್ನು ಕೊಟ್ಟು ನಿಲ್ಲುವ, ಅಳತೆಗೆ ತಕ್ಕಂತೆ ಬ್ಲೇಡಿನತ್ತ ಸರಿಯುವ ನೆಟ್ಟನೆಯ ಭಾಗಗಳನ್ನು ಮುಂದೆ ‘ಕಂಬ’ ಎಂದೇ ಕರೆಯುತ್ತೇನೆ. ಸಣ್ಣ ಟ್ರಾಲಿಯಲ್ಲಿ ಅವು ಎರಡು, ದೊಡ್ಡದರಲ್ಲಿ ಮೂರು ಅಥವಾ ನಾಲ್ಕು ಇರುತ್ತವೆ.

ಸಾಲಾಗಿ ಕೊಯ್ದ ಪ್ರತಿ ಹಲಗೆಯೂ ಮುಂತುದಿಯಲ್ಲಿ 25.1 ಮಿ.ಮೀ., ಹಿಂತುದಿಯಲ್ಲಿ 24.2 ಮಿ.ಮೀ. ಎಂಬಂತೆ ಒಂದೇ ಕಡೆಗೆ ಓರೆಯಾಗಿ ಬಂದರೆ, ಹಿಂದಿನ ಕಂಬ ಪ್ರತಿ ಸಲವೂ ಮುಂದಿನ ಕಂಬಕ್ಕಿಂತ ಕಡಿಮೆ ಸರಿಯುತ್ತಿದೆ ಎಂದರ್ಥ. ಅದು ಎಲ್ಲೋ ಜಾರುತ್ತಿದೆ. ಸಾಲಿನ ಹಲಗೆಗಳೆಲ್ಲ ಸರಿಯಿದ್ದು, ತಿರುಗಿಸಿದ ಮೇಲಿನ ಹಲಗೆ ಅಥವಾ ಕಂಬಕ್ಕೆ ಒರಗಿ ಉಳಿದ ಕೊನೆಯ ತುಂಡು ಮಾತ್ರ ಓರೆಯಾಗಿದ್ದರೆ, ಕಂಬಗಳು ಸಮನಾಗಿ ಸರಿಯುತ್ತಿವೆ, ಆದರೆ ಒಂದು ಕಂಬ ಮೊದಲಿನಿಂದಲೇ ಇನ್ನೊಂದಕ್ಕಿಂತ ಹಿಂದೆ ನಿಂತಿದೆ. ಮೊದಲನೆಯದು ಸವೆತದ ದೋಷ, ಎರಡನೆಯದು ಜೋಡಣೆಯ ದೋಷ. ಮದ್ದು ಬೇರೆ ಬೇರೆ.

ಹಾಗೆಯೇ ಮೇಲಂಚು ಮತ್ತು ಕೆಳಂಚಿನ ನಡುವೆ ವ್ಯತ್ಯಾಸವಿದ್ದು ಅದೂ ತಿರುಗಿಸಿದ ಮೇಲೆ ಮಾತ್ರ ಕಂಡರೆ, ಕಂಬದ ಮುಖ ಬ್ಲೇಡಿಗೆ ಸಮಾನಾಂತರವಾಗಿಲ್ಲ. ತೂಕದ ಗುಂಡಿನಿಂದ ಕಂಬವನ್ನಷ್ಟೇ ನೋಡಿ ‘ನೆಟ್ಟಗಿದೆ’ ಎಂದು ತೀರ್ಮಾನಿಸುವುದು ತಪ್ಪು. ಬ್ಲೇಡೇ ಸ್ವಲ್ಪ ವಾಲಿರಬಹುದು, ಹಳಿಯ ಅಡ್ಡ ಮಟ್ಟವೂ ತಪ್ಪಿರಬಹುದು. ನಮಗೆ ಬೇಕಾದದ್ದು ಬ್ಲೇಡಿಗೂ ಕಂಬಕ್ಕೂ ಇರುವ ಹೊಂದಾಣಿಕೆ. ಇಂಥ ಓರೆ ತಿರುಗಿಸಿದ ನಂತರದ ಒಂದೇ ಹಲಗೆಯಲ್ಲಿ, ಅದೂ ಒಂದೊಂದು ದಿಮ್ಮಿಯಲ್ಲಿ ಮಾತ್ರ ಬಂದರೆ, ಕಂಬಕ್ಕೂ ದಿಮ್ಮಿಗೂ ನಡುವೆ ತೊಗಟೆಯ ಚೂರೋ ಹೊಟ್ಟೋ ಸಿಕ್ಕಿಕೊಂಡಿರುತ್ತದೆ. ಮಾವಿನ ತೊಗಟೆ ಈ ವಿಷಯದಲ್ಲಿ ಬಹಳ ಉಪದ್ರವ ಕೊಡುತ್ತದೆ. ದಿಮ್ಮಿ ತಿರುಗಿಸುವ ಮುನ್ನ ಪೊರಕೆಯಿಂದ ಒಮ್ಮೆ ಗುಡಿಸಿದರೆ ಮುಗಿಯಿತು.

ಒಂದು ಹಲಗೆಯೊಳಗೆ ಆರೂ ಅಳತೆ ಸಮವಾಗಿದ್ದು, ಹಲಗೆಯಿಂದ ಹಲಗೆಗೆ ಮಾತ್ರ ದಪ್ಪ ಬದಲಾಗುತ್ತಿದ್ದರೆ ದೋಷ ಕಂಬ ಸರಿಸುವ ಯಂತ್ರಾಂಗದಲ್ಲಿದೆ. ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಆಗೊಂದು ಈಗೊಂದು ಹಲಗೆ ತೆಳುವಾಗಿ ಬಂದು, ಅದರ ಮುಂದಿನದು ಸರಿಯಾಗಿಯೇ ಇದ್ದರೆ, ಮತ್ತು ಕಡಿಮೆಯಾದ ದಪ್ಪ ಪ್ರತಿ ಸಲವೂ ಒಂದೇ ಆಗಿದ್ದರೆ, ರ‍್ಯಾಚೆಟ್ ಚಕ್ರದ (ಒಂದೇ ಕಡೆಗೆ ತಿರುಗಲು ಬಿಡುವ ಹಲ್ಲಿನ ಚಕ್ರ) ಒಂದು ಹಲ್ಲು ತಪ್ಪುತ್ತಿದೆ. ಹಲ್ಲಿಗೆ ಬೀಳುವ ನಾಲಿಗೆಯ ಮೂತಿ ಸವೆದಿರುತ್ತದೆ ಅಥವಾ ಅದನ್ನು ಒತ್ತುವ ಸ್ಪ್ರಿಂಗು ಸೋತಿರುತ್ತದೆ. ತೆಳು ಹಲಗೆಯ ಹಿಂದೆಯೇ ಅಷ್ಟೇ ಪ್ರಮಾಣದ ದಪ್ಪ ಹಲಗೆ ಬಂದರೆ, ಸ್ಕೇಲು ನೋಡಿಕೊಂಡು ಕೈಚಕ್ರ ತಿರುಗಿಸುವ ಟ್ರಾಲಿಗಳಲ್ಲಿ ಅದು ಸ್ಕ್ರೂ ಮತ್ತು ನಟ್ಟಿನ ನಡುವಿನ ಪ್ಲೇ, ಅಂದರೆ ಸಡಿಲ. ಬೇಕಾದ ಗೆರೆ ದಾಟಿದ ಮೇಲೆ ಚಕ್ರವನ್ನು ಹಿಂದಕ್ಕೆ ತಿರುಗಿಸಿ ಸರಿಪಡಿಸುವ ಅಭ್ಯಾಸ ಇರುವಲ್ಲಿ ಇದು ಖಂಡಿತ ಕಾಣಿಸುತ್ತದೆ. ಗೆರೆ ದಾಟಿದರೆ ಚೆನ್ನಾಗಿ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬಂದೇ ಗೆರೆಗೆ ನಿಲ್ಲಿಸಬೇಕು. ನಟ್ಟು ಬದಲಿಸುವ ತನಕ ಇಷ್ಟರಿಂದಲೇ ಕಾಲ ತಳ್ಳಬಹುದು.

ಎಲ್ಲ ಹಲಗೆಗಳೂ ಒಂದೇ ಪ್ರಮಾಣದಲ್ಲಿ ತೆಳುವಾಗಿದ್ದರೆ ಅದು ದೋಷವೇ ಅಲ್ಲ, ಲೆಕ್ಕ. ಕಂಬ ಸರಿಸಬೇಕಾದದ್ದು ಹಲಗೆಯ ದಪ್ಪ ಮತ್ತು ಬ್ಲೇಡು ತಿನ್ನುವ ಮರ ಎರಡನ್ನೂ ಕೂಡಿಸಿದಷ್ಟು: 25 ಮಿ.ಮೀ. ಹಲಗೆಗೆ ಬ್ಲೇಡು 2.2 ಮಿ.ಮೀ. ತಿನ್ನುವುದಾದರೆ 27.2 ಮಿ.ಮೀ. ಸರಿಸಬೇಕು. ಹಲ್ಲಿನ ಅಗಲ ಹೆಚ್ಚಾಗಿರುವ ಬ್ಲೇಡು ಹಾಕಿದ ದಿನ ಲೆಕ್ಕ ಬದಲಾಗದಿದ್ದರೆ ಹಲಗೆ ತೆಳುವಾಗದೆ ಇನ್ನೇನಾಗುತ್ತದೆ?

ಬ್ಲೇಡು ನಿಜವಾಗಿಯೂ ತಪ್ಪಿತಸ್ಥನಾಗಿರುವ ಸಂದರ್ಭವನ್ನು ಗುರುತಿಸುವುದು ಸುಲಭ. ಬ್ಲೇಡು ಅಲೆದಾಡಿದಾಗ ಒಂದು ಹಲಗೆ ಎಲ್ಲಿ ದಪ್ಪವಾಗಿದೆಯೋ ಅದರ ಮುಂದಿನ ಹಲಗೆ ಅದೇ ಜಾಗದಲ್ಲಿ ತೆಳುವಾಗಿರುತ್ತದೆ, ಏಕೆಂದರೆ ಆ ಸೊಟ್ಟ ಮುಖ ಎರಡಕ್ಕೂ ಸೇರಿದ್ದು. ಅದರ ಮುಂದಿನ ಹಲಗೆಯಲ್ಲಿ ಆ ಗುರುತು ಇರುವುದಿಲ್ಲ. ಬ್ಲೇಡಿನ ಎರಡು ತುದಿ ಸೇರಿಸಿದ ಜಾಯಿಂಟ್ ಸರಿಯಿಲ್ಲದಿದ್ದರೆ ಹಲಗೆಯ ಮುಖದ ಮೇಲೆ ಸಮ ಅಂತರದಲ್ಲಿ ಗೀರುಗಳು ಮೂಡುತ್ತವೆ. ಆ ಅಂತರವನ್ನು ಲೆಕ್ಕ ಹಾಕಬಹುದು. 36 ಇಂಚಿನ ಚಕ್ರ ನಿಮಿಷಕ್ಕೆ 600 ಸುತ್ತು ತಿರುಗಿದರೆ ಬ್ಲೇಡು ಸೆಕೆಂಡಿಗೆ ಸುಮಾರು 28.7 ಮೀಟರ್ ಓಡುತ್ತದೆ. ಬ್ಲೇಡಿನ ಉದ್ದ 6.5 ಮೀಟರ್ ಎಂದುಕೊಂಡರೆ ಜಾಯಿಂಟು ಸೆಕೆಂಡಿಗೆ ಸುಮಾರು 4.4 ಬಾರಿ ಮರವನ್ನು ದಾಟುತ್ತದೆ. ಟ್ರಾಲಿ ನಿಮಿಷಕ್ಕೆ 12 ಮೀಟರ್ ಅಂದರೆ ಸೆಕೆಂಡಿಗೆ 200 ಮಿ.ಮೀ. ಸಾಗುತ್ತಿದ್ದರೆ ಗೀರುಗಳು ಸುಮಾರು 45 ಮಿ.ಮೀ.ಗೆ ಒಂದರಂತೆ ಬೀಳಬೇಕು. ನಿಮ್ಮ ಹಲಗೆಯ ಗೀರುಗಳ ಅಂತರ ನಿಮ್ಮ ಲೆಕ್ಕಕ್ಕೆ ಹೊಂದಿದರೆ ಟ್ರಾಲಿಯನ್ನು ಬಿಟ್ಟು ಬ್ಲೇಡು ಇಳಿಸಿ. ಅಲೆಯ ಅಂತರ 785 ಮಿ.ಮೀ. ಆಸುಪಾಸಿನಲ್ಲಿದ್ದರೆ 250 ಮಿ.ಮೀ. ವ್ಯಾಸದ ಟ್ರಾಲಿ ಚಕ್ರ ಒಂದು ಸುತ್ತು ಹಾಕುವ ದೂರ ಅದೇ ಎಂಬುದನ್ನು ನೆನಪಿಸಿಕೊಳ್ಳಬೇಕು. ಯಾವುದೋ ಒಂದು ಚಕ್ರ ಚಪ್ಪಟೆಯಾಗಿದೆ ಅಥವಾ ಅದರ ಬೇರಿಂಗು ಹೋಗಿದೆ.

ನೀಲಗಿರಿಯ ವಿಷಯ ಬೇರೆ

ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿದರೂ ಹಳೆಯ ಬುಡಗಳಿಂದ ಚಿಗುರಿ ಬೆಳೆದ ಮರ ನಮ್ಮ ಮಿಲ್ಲುಗಳಿಗೆ ಈಗಲೂ ಬರುತ್ತದೆ. ಅದನ್ನು ಕೊಯ್ಯುವಾಗ ಹಲಗೆಗಳು ನಡುವಿನಲ್ಲಿ ದಪ್ಪವಾಗಿ, ಎರಡೂ ತುದಿಗಳಲ್ಲಿ ತೆಳುವಾಗಿ ಬಂದರೆ ಟ್ರಾಲಿಯನ್ನು ಬಿಚ್ಚಬೇಡಿ. ಬೆಳೆಯುವಾಗಲೇ ಮರದ ಹೊರಭಾಗ ಎಳೆತದಲ್ಲೂ ತಿರುಳು ಒತ್ತಡದಲ್ಲೂ ಇರುತ್ತದೆ. ಒಂದು ಬದಿಯ ಚೆಕ್ಕೆ ತೆಗೆದ ಕೂಡಲೇ ಆ ಬದಿಯ ಎಳೆತ ಹೋಗಿ, ಕಂಬದ ಕಡೆಯ ಎಳೆತ ಮಾತ್ರ ಉಳಿದು, ದಿಮ್ಮಿ ಬಿಲ್ಲಿನಂತೆ ಬಾಗಿ ಅದರ ನಡು ಬ್ಲೇಡಿನತ್ತ ಉಬ್ಬುತ್ತದೆ. ಉಬ್ಬಿದ ಮುಖವನ್ನು ಬ್ಲೇಡು ನೇರವಾಗಿ ಕೊಯ್ದಾಗ ನಡು ದಪ್ಪವಾಗಲೇಬೇಕು. ಒಂದೇ ಮುಖದಿಂದ ಸಾಲಾಗಿ ಕೊಯ್ಯದೆ, ಒಂದೆರಡು ಹಲಗೆಗೊಮ್ಮೆ ದಿಮ್ಮಿಯನ್ನು ಎದುರು ಮುಖಕ್ಕೆ ತಿರುಗಿಸುತ್ತ ಹೋದರೆ ಎರಡೂ ಬದಿಯ ಎಳೆತ ಸಮನಾಗಿ ಇಳಿದು ಬಾಗು ಕಡಿಮೆಯಾಗುತ್ತದೆ. ಟ್ರಾಲಿ ಪರೀಕ್ಷೆಗೆ ನೀಲಗಿರಿಯನ್ನು ಬಳಸಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಆರಿದ ಬೇವು ಅಥವಾ ಮಾವು ಒಳ್ಳೆಯದು.

ಯಂತ್ರದ ಮೇಲೆ ಖಚಿತಪಡಿಸಿಕೊಳ್ಳುವುದು

ಹಲಗೆ ಯಾವ ಕಡೆ ಬೆರಳು ತೋರಿಸಿದೆಯೋ ಅಲ್ಲಿ ಮಾತ್ರ ಅಳೆಯಬೇಕು. ಎರಡು ಕಂಬಗಳ ಹೊಂದಾಣಿಕೆಗೆ ನಾನು ಅನುಸರಿಸುವ ಕ್ರಮ ಸರಳವಾದದ್ದು. ಬ್ಲೇಡಿನ ಪಕ್ಕದಲ್ಲಿ, ಕದಲದಂತೆ ನೆಲಕ್ಕೆ ಭದ್ರಪಡಿಸಿದ ಕಬ್ಬಿಣದ ಸ್ಟ್ಯಾಂಡಿಗೆ ಒಂದು ಚೂಪು ಕಡ್ಡಿ ಬಿಗಿದು, ಟ್ರಾಲಿಯನ್ನು ಕೈಯಿಂದ ನೂಕಿ ಒಂದೊಂದೇ ಕಂಬವನ್ನು ಅದರ ಎದುರಿಗೆ ತಂದು, ಕಡ್ಡಿಗೂ ಕಂಬಕ್ಕೂ ಇರುವ ಸಂದನ್ನು ಅಳೆಯಬೇಕು. ದಾರ ಎಳೆದು ನೋಡಿದರೆ ಕಂಬಗಳ ಸಾಲು ಮಾತ್ರ ತಿಳಿಯುತ್ತದೆ, ಈ ವಿಧಾನದಲ್ಲಿ ಹಳಿಯ ಪ್ರಭಾವವೂ ಸೇರಿ ದಿಮ್ಮಿ ನಿಜವಾಗಿ ಅನುಭವಿಸುವ ವ್ಯತ್ಯಾಸ ತಿಳಿಯುತ್ತದೆ. ಎರಡನ್ನೂ ಮಾಡಿ ಉತ್ತರ ಬೇರೆ ಬೇರೆ ಬಂದರೆ, ಆ ಅಂತರವೇ ಹಳಿಯ ಪಾಲು. ಬಳಿಕ ಕಂಬಗಳನ್ನು ನೂರು ಮಿ.ಮೀ. ಮುಂದಕ್ಕೆ ಸರಿಸಿ ಮತ್ತೊಮ್ಮೆ ಅಳೆದಾಗ ಎರಡೂ ಸಮನಾಗಿ ಸರಿದಿವೆಯೇ ಎಂಬುದು ಗೊತ್ತಾಗುತ್ತದೆ. ಕೊನೆಗೆ ಸಣ್ಣ ಕದಲಿಕೆಯನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜನ್ನು ಕಂಬಕ್ಕೆ ತಾಗಿಸಿ, ಹಾರೆಯಿಂದ ಕಂಬವನ್ನು ಹಿಂದಕ್ಕೂ ಮುಂದಕ್ಕೂ ಮೀಟಬೇಕು. ಮುಳ್ಳು ಅರ್ಧ ಮಿ.ಮೀ. ಒಳಗೆ ಆಡಿದರೆ ನಾನು ಕೈ ಹಾಕುವುದಿಲ್ಲ, ಒಂದು ಮಿ.ಮೀ. ದಾಟಿದರೆ ಬಿಚ್ಚಲೇಬೇಕು ಎನ್ನುತ್ತೇನೆ.

ಶ್ರೀನಿವಾಸಪುರದ ಕಡೆಯ ಒಂದು ಮಿಲ್ಲಿನಲ್ಲಿ ಹಳೆಯ ಮಾವಿನ ಮರಗಳನ್ನು ಕೊಯ್ಯುತ್ತಿದ್ದಾಗ ಬಂದ ದೂರು ವಿಚಿತ್ರವಾಗಿತ್ತು. ಬೆಳಿಗ್ಗೆ ಹಲಗೆಗಳು ಸರಿಯಿರುತ್ತಿದ್ದವು, ಊಟದ ಹೊತ್ತಿಗೆ ಉಳಿದ ತುಂಡುಗಳು ಎರಡು ನೂಲಿನಷ್ಟು ಓರೆಯಾಗುತ್ತಿದ್ದವು. ಬಿಸಿಲಿಗೆ ಬ್ಲೇಡು ಹಿಗ್ಗುತ್ತದೆ ಎಂದು ಎಲ್ಲರೂ ನಂಬಿದ್ದರು. ಹಲಗೆಗಳಿಗೆ ಸಂಖ್ಯೆ ಹಾಕಿ ಅಳೆದಾಗ ಪ್ರತಿ ಹಲಗೆಯೂ ಹಿಂತುದಿಯಲ್ಲಿ ತುಸು ತೆಳುವಾಗಿದ್ದುದು, ದೊಡ್ಡ ದಿಮ್ಮಿ ಹೇರಿದ ನಂತರ ಆ ವ್ಯತ್ಯಾಸ ಒಮ್ಮೆಲೇ ಹೆಚ್ಚಾಗುತ್ತಿದ್ದುದು ಕಂಡಿತು. ಎರಡೂ ಕಂಬಗಳನ್ನು ಒಟ್ಟಿಗೆ ನಡೆಸುವ ಶಾಫ್ಟಿನಲ್ಲಿ ಹಿಂದಿನ ಪಿನಿಯನ್ನನ್ನು (ಸಣ್ಣ ಹಲ್ಲಿನ ಚಕ್ರ) ಶಾಫ್ಟಿಗೆ ಬಂಧಿಸುವ ಕೀ ಸವೆದು, ಒಂದು ಸಣ್ಣ ಸ್ಕ್ರೂ ಮಾತ್ರ ಅದನ್ನು ಹಿಡಿದುಕೊಂಡಿತ್ತು. ಬೆಳಿಗ್ಗೆ ಏಕೆ ಸರಿಯಿರುತ್ತಿತ್ತು ಎಂದರೆ, ಅಲ್ಲಿನ ಮೇಸ್ತ್ರಿ ದಿನವೂ ಕೆಲಸ ಆರಂಭಿಸುವ ಮುನ್ನ ಒಂದು ನೇರವಾದ ಪಟ್ಟಿಯನ್ನು ಎರಡು ಕಂಬಗಳಿಗೂ ಒತ್ತಿ ಹಿಡಿದು ಸಮ ಮಾಡುತ್ತಿದ್ದರು. ತಮ್ಮ ಗುರುಗಳಿಂದ ಬಂದ ಒಳ್ಳೆಯ ಅಭ್ಯಾಸ ಅದು. ಆದರೆ ದಿನವೂ ಸಮ ಮಾಡಬೇಕಾಗಿ ಬರುವುದೇ ದೋಷದ ಲಕ್ಷಣ ಎಂದು ಯಾರಿಗೂ ಹೊಳೆದಿರಲಿಲ್ಲ.

ಹಳಿಗಳಲ್ಲಿ ಸಾಮಾನ್ಯವಾಗಿ ಒಂದು ಕೋನಾಕಾರದ್ದು, ದಾರಿ ಹಿಡಿಸುವುದಕ್ಕೆ. ಇನ್ನೊಂದು ಚಪ್ಪಟೆ, ಭಾರ ಹೊರುವುದಕ್ಕೆ. ನಮ್ಮ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲದ ಕಾರಣ ಹಳಿಯ ಕೆಳಗೆ ಕಲ್ಲಿನ ಚಪ್ಪಡಿ ಹಾಕಿರುವುದನ್ನು ಕಾಣುತ್ತೇನೆ. ಕಲ್ಲು ಸವೆಯುವುದಿಲ್ಲ, ಆದರೆ ಮಳೆನೀರು ಅದರ ಕೆಳಗಿನ ಕೆಮ್ಮಣ್ಣನ್ನು ಕೊರೆದರೆ ಒಂದು ಚಪ್ಪಡಿ ಮಾತ್ರ ಕುಸಿಯುತ್ತದೆ. ಗಾರೆ ಕೆಲಸದವರ ನೀರಿನ ಟ್ಯೂಬಿನಿಂದ ಮೀಟರಿಗೊಂದು ಕಡೆ ಮಟ್ಟ ನೋಡಿದರೆ ಅದು ಸಿಕ್ಕಿಬೀಳುತ್ತದೆ. ಟ್ರಾಲಿಯ ಭಾರ ಇದ್ದಾಗ ಮತ್ತು ಇಲ್ಲದಾಗ ಎರಡು ಸಲ ನೋಡಬೇಕು, ಏಕೆಂದರೆ ಟೊಳ್ಳಾದ ಚಪ್ಪಡಿ ಭಾರ ಬಿದ್ದಾಗಲೇ ಇಳಿಯುತ್ತದೆ. ಸಣ್ಣ ಕುಸಿತವೂ ಮೇಲೆ ದೊಡ್ಡದಾಗುತ್ತದೆ: ಹಳಿಗಳ ನಡುವೆ 750 ಮಿ.ಮೀ. ಅಂತರವಿದ್ದು ಒಂದು ಹಳಿ 2 ಮಿ.ಮೀ. ಕುಸಿದರೆ, ಹಳಿಯಿಂದ 600 ಮಿ.ಮೀ. ಎತ್ತರದಲ್ಲಿ ದಿಮ್ಮಿ 1.6 ಮಿ.ಮೀ. ಪಕ್ಕಕ್ಕೆ ವಾಲುತ್ತದೆ. ಹಸಿ ಮರದ ಹೊಟ್ಟು ಹಳಿಯ ಮೇಲೆ ಗಟ್ಟಿಯಾಗಿ ಅಂಟಿದಾಗಲೂ ಇದೇ ಆಗುತ್ತದೆ, ಆದರೆ ಆ ಗಡ್ಡೆ ಇವತ್ತು ಇಲ್ಲಿ, ನಾಳೆ ಅಲ್ಲಿ ಇರುವುದರಿಂದ ಅದು ಬದಲಾಗುವ ತಪ್ಪಾಗಿ ದಪ್ಪದಲ್ಲಿ ಕಾಣಿಸಿಕೊಳ್ಳುತ್ತದೆ. ಚಕ್ರಗಳ ಮುಂದೆ ಹಳಿ ಕೆರೆಯುವ ತಗಡು ಸವೆದುಹೋಗಿದ್ದರೆ ಮೊದಲು ಅದನ್ನು ಹಾಕಿಸಬೇಕು.

ದಿಮ್ಮಿಯನ್ನು ಟ್ರಾಲಿಗೆ ಹಿಡಿದಿಡುವ ಕೊಕ್ಕೆಗಳ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಒಂದು ಹಲಗೆಯಲ್ಲಿ ದಪ್ಪ ಇದ್ದಕ್ಕಿದ್ದಂತೆ ನಡುದಾರಿಯಲ್ಲಿ ಬದಲಾಗಿ, ಆ ಮುಖವನ್ನು ಹಂಚಿಕೊಂಡ ಮುಂದಿನ ಹಲಗೆಯ ಹೊರತು ಉಳಿದವೆಲ್ಲ ಸರಿಯಿದ್ದರೆ ದಿಮ್ಮಿ ಕೊಕ್ಕೆಯಿಂದ ಜಾರಿದೆ. ಕೊಕ್ಕೆಯ ಮೊನೆ ಮೊಂಡಾಗಿದೆಯೇ, ಅದು ತೊಗಟೆಯನ್ನಷ್ಟೇ ಹಿಡಿದಿದೆಯೇ ಎಂಬುದನ್ನು ನೋಡಿದರೆ ಸಾಕು.

ಟ್ರಾಲಿ ತಡವರಿಸಿದಾಗ

ಮೋಟಾರು ಮತ್ತು ತಂತಿ ಹಗ್ಗದಿಂದ ಓಡುವ ಟ್ರಾಲಿ ಕೊಯ್ತದ ನಡುವೆ ನಿಧಾನವಾದರೆ ಅಥವಾ ಜಗ್ಗಿ ಜಗ್ಗಿ ಸಾಗಿದರೆ, ಮೊದಲು ದಿಮ್ಮಿಯಿಲ್ಲದೆ ಈ ತುದಿಯಿಂದ ಆ ತುದಿಗೆ ಓಡಿಸಿ ನೋಡಬೇಕು. ಖಾಲಿ ಇರುವಾಗಲೂ ಒಂದೇ ಜಾಗದಲ್ಲಿ ತಡೆದರೆ ಅದು ಹಳಿ ಅಥವಾ ಚಕ್ರದ ಮಾತು. ಖಾಲಿ ಇದ್ದಾಗ ಸರಾಗವಾಗಿ ಓಡಿ ಮರದಲ್ಲಿ ಮಾತ್ರ ಸೋತರೆ, ಬ್ಯಾಂಡ್ ಸಾ ಮೋಟಾರಿನ ಒಂದು ಫೇಸಿಗೆ ಟಾಂಗ್ ಟೆಸ್ಟರ್ (ವೈರನ್ನು ಸುತ್ತ ಹಿಡಿದು ಕರೆಂಟು ಅಳೆಯುವ ಸಾಧನ) ಹಾಕಿ ಕೊಯ್ತದ ಉದ್ದಕ್ಕೂ ಆಂಪಿಯರ್ ಗಮನಿಸಬೇಕು. ಟ್ರಾಲಿ ನಿಧಾನವಾಗುವ ಕ್ಷಣದಲ್ಲಿ ಆಂಪಿಯರ್ ಏರಿದರೆ ಮರ ಅಥವಾ ಮೊಂಡು ಬ್ಲೇಡು ಟ್ರಾಲಿಯನ್ನು ತಡೆಯುತ್ತಿದೆ. ಆಂಪಿಯರ್ ಇಳಿದರೆ ಬ್ಲೇಡಿಗೆ ಕೆಲಸವೇ ಕಡಿಮೆಯಾಗಿದೆ, ಎಂದರೆ ಎಳೆಯುವ ಕಡೆ ಜಾರುತ್ತಿದೆ: ಬೆಲ್ಟು ಸಡಿಲ, ಡ್ರಮ್ಮಿನ ಮೇಲೆ ಹಗ್ಗದ ಸುತ್ತು ಸಾಲದು, ಅಥವಾ ಕ್ಲಚ್ಚು ಸವೆದಿದೆ. ತಂತಿ ಹಗ್ಗವನ್ನು ಬರಿಗೈಯಲ್ಲಿ ಸವರಿ ನೋಡುವ ಅಭ್ಯಾಸ ಕೆಲವರಿಗಿದೆ. ತುಂಡಾದ ಎಳೆ ಅಂಗೈಯನ್ನು ಸೀಳುತ್ತದೆ. ಹತ್ತಿಯ ಬಟ್ಟೆಯನ್ನು ಸುತ್ತಿ ಎಳೆದರೆ ಎಳೆ ತುಂಡಾದಲ್ಲಿ ಬಟ್ಟೆಯೇ ಸಿಕ್ಕಿಕೊಳ್ಳುತ್ತದೆ.

ಹೈಡ್ರಾಲಿಕ್ ಟ್ರಾಲಿಯಲ್ಲಿ ಎಣ್ಣೆ ತಣ್ಣಗಿದ್ದಾಗ ಬಲವಿದ್ದು, ಏಪ್ರಿಲ್ ತಿಂಗಳ ಮಧ್ಯಾಹ್ನ ಸೊರಗಿದರೆ ಪಂಪು ಅಥವಾ ಹೈಡ್ರಾಲಿಕ್ ಮೋಟಾರು ಒಳಗೊಳಗೇ ಸೋರುತ್ತಿದೆ ಎಂದು ಅನುಮಾನಿಸಬೇಕು, ಏಕೆಂದರೆ ಕಾದು ತೆಳುವಾದ ಎಣ್ಣೆ ಸವೆದ ಸಂದುಗಳಿಂದ ಹೆಚ್ಚು ನುಸುಳುತ್ತದೆ. ಬೆಳಿಗ್ಗೆಯೂ ಸೊರಗಿದ್ದರೆ ಹೆಚ್ಚಾದ ಒತ್ತಡ ಬಿಡುವ ರಿಲೀಫ್ ವಾಲ್ವಿನಲ್ಲಿ ಕಸ ಕೂತಿದೆಯೇ ಎಂದು ನೋಡಬೇಕು. ಟ್ಯಾಂಕಿನಲ್ಲಿ ನೊರೆಯಿದ್ದರೆ ಪಂಪಿನ ಹೀರುವ ಪೈಪಿನಿಂದ ಗಾಳಿ ಸೇರುತ್ತಿದೆ, ಎಣ್ಣೆ ಮಜ್ಜಿಗೆಯಂತಾಗಿದ್ದರೆ ನೀರು ಸೇರಿದೆ.

ಇಷ್ಟೆಲ್ಲ ಸರಿಯಿದ್ದೂ ಸಂಜೆಯ ಹೊತ್ತು ಮಾತ್ರ ಟ್ರಾಲಿ ಸೋಲುತ್ತಿದ್ದರೆ ವೋಲ್ಟೇಜ್ ಅಳೆಯಬೇಕು. ಇಂಡಕ್ಷನ್ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 415 ವೋಲ್ಟ್ ಬರಬೇಕಾದ ಕಡೆ 340 ಬಂದರೆ ಮೋಟಾರಿನಲ್ಲಿ ಉಳಿಯುವುದು ಮೂರನೇ ಎರಡು ಪಾಲು ಬಲ ಮಾತ್ರ. ಅಳತೆಯನ್ನು ಮೋಟಾರಿನ ಟರ್ಮಿನಲ್ಲಿನಲ್ಲೇ, ದಿಮ್ಮಿ ಕೊಯ್ಯುತ್ತಿರುವಾಗಲೇ, ಮೂರೂ ಫೇಸುಗಳ ನಡುವೆ ಮಾಡಬೇಕು. ಈ ಕೆಲಸವನ್ನು ಎಲೆಕ್ಟ್ರಿಷಿಯನ್ನಿಗೇ ಬಿಡಬೇಕು. ಮೇನ್ ಸ್ವಿಚ್ಚಿನಲ್ಲಿ ವೋಲ್ಟೇಜ್ ಸರಿಯಿದ್ದು ಮೋಟಾರಿನಲ್ಲಿ ಕಡಿಮೆಯಿದ್ದರೆ ದೋಷ ಮಿಲ್ಲಿನ ಒಳಗಿನ ವೈರಿನಲ್ಲೋ ಕಾಂಟ್ಯಾಕ್ಟರಿನಲ್ಲೋ ಇದೆ.

ದುರಸ್ತಿಯಾದ ಮೇಲೆ ಮೊದಲಿನ ಜಾತಿಯ ಮರವನ್ನೇ ತೆಗೆದುಕೊಂಡು, ಮೊದಲಿನಂತೆಯೇ ಸಂಖ್ಯೆ ಹಾಕಿ, ಅಷ್ಟೇ ಹಲಗೆಗಳನ್ನು ಕೊಯ್ದು ಆರಾರು ಕಡೆ ಅಳೆಯಬೇಕು. ಎರಡೂ ಸಲದ ಅಳತೆಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ಸ್ವಿಚ್ ಬೋರ್ಡಿನ ಬಾಗಿಲ ಒಳಬದಿಗೆ ಅಂಟಿಸಬೇಕು. ಹಳಿಯ ಚಪ್ಪಡಿಯನ್ನು ಎತ್ತಿ ಕೂರಿಸಿದ್ದರೆ ಒಂದು ವಾರ ಕೊಯ್ದ ಬಳಿಕ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು ನೀರಿನ ಟ್ಯೂಬು ಹಿಡಿಯಬೇಕು, ಹೊಸದಾಗಿ ತುಂಬಿದ ಮಣ್ಣು ಅಷ್ಟರಲ್ಲಿ ತುಸು ಇಳಿದೇ ಇರುತ್ತದೆ.